ಮುಖವೂ ಇಲ್ಲ, ಹೆಸರೂ ಇಲ್ಲ

ಮಕ್ಕಳೇ, ಹೋದ ಭಾನುವಾರ ಮೊಮ್ಮಗಳ ಜೊತೆ ಕೂತು ಹಳೆಯ ‘ಟಾಮ್ ಅಂಡ್ ಜೆರ್ರಿ’ ನೋಡುತ್ತಿದ್ದೆ. ಹಪ್ಪಳ ಮುರಿಯುತ್ತ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅಷ್ಟರಲ್ಲಿ ಅವಳು ಕೇಳಿದಳು: “ತಾತ, ಪೊರಕೆ ಹಿಡ್ಕೊಂಡು ಟಾಮ್‌ನ ಓಡಿಸ್ತಾರಲ್ಲ, ಆ ಆಂಟಿಗೆ ಮುಖವೇ ಇಲ್ವಾ?”

ಎಷ್ಟೋ ವರ್ಷದಿಂದ ನೋಡುತ್ತಿದ್ದರೂ ನನಗೆ ಆ ಪ್ರಶ್ನೆ ಬಂದಿರಲಿಲ್ಲ. ಹುಡುಕಿ ಓದಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಈ ಬೆಕ್ಕು-ಇಲಿಯ ಜೋಡಿಯನ್ನು ಸೃಷ್ಟಿಸಿದವರು ಅಮೆರಿಕದ ವಿಲಿಯಂ ಹಾನ್ನಾ ಮತ್ತು ಜೋಸೆಫ್ ಬಾರ್ಬೆರಾ. ಮೊದಲ ಚಿತ್ರ ‘ಪಸ್ ಗೆಟ್ಸ್ ದಿ ಬೂಟ್’ ಬಂದದ್ದು 1940ರಲ್ಲಿ. ಆಗ ಟಾಮ್‌ನ ಹೆಸರು ಜಾಸ್ಪರ್! ‘ಇನ್ನೊಂದು ಸಾಮಾನು ಒಡೆದರೆ ಮನೆಯಿಂದ ಆಚೆ’ ಎಂದು ಅವನನ್ನು ಗದರಿಸುವವಳೇ ಈ ಹೆಂಗಸು. ಆಕೆ ಕಪ್ಪು ವರ್ಣದ ಮನೆಕೆಲಸದಾಕೆ. 1952ರವರೆಗೆ ಹಲವು ಚಿತ್ರಗಳಲ್ಲಿ ಬಂದುಹೋದಳು. ನಮಗೆ ಕಾಣುವುದು ಕಾಲು, ಏಪ್ರನ್, ಪೊರಕೆ. ಮುಖ ಕಂಡದ್ದು ತೀರಾ ಅಪರೂಪ.

ಬೆಕ್ಕಿನ ಎತ್ತರದಿಂದ ನೋಡಿದರೆ ಮನುಷ್ಯರ ಕಾಲೇ ತಾನೇ ಕಾಣುವುದು ಎನ್ನಬಹುದು. ಅದೂ ನಿಜ. ಆದರೆ ಆಕೆಯ ಹೆಸರು ಕೇಳಿ: ‘ಮ್ಯಾಮಿ ಟೂ ಶೂಸ್’. ಬಿಳಿಯರ ಮನೆಯಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸರನ್ನು ‘ಮ್ಯಾಮಿ’ ಎನ್ನುತ್ತಿದ್ದರು. ಉಳಿದದ್ದು ಕಾಲಿನ ಜೋಡು. ಇದೂ ಒಂದು ಹೆಸರೇ? ಆ ಕಾಲದ ಅಮೆರಿಕದ ಸಿನಿಮಾಗಳಲ್ಲಿ ಕಪ್ಪು ಹೆಂಗಸರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಇಂಥದೇ ಪಾತ್ರ. ದಪ್ಪ ಮೈ, ಸಿಡುಕು ಸ್ವಭಾವ, ಒರಟು ಮಾತು. ಅದನ್ನು ನೋಡಿ ಅಲ್ಲಿನ ಕಪ್ಪು ಜನರಿಗೆ ನೋವಾಯಿತು, ಆಕ್ಷೇಪವೂ ಎದ್ದಿತು.

ಆಕೆಗೆ ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್. ಒಳ್ಳೆಯ ಗಾಯಕಿ, ರೇಡಿಯೊ ನಟಿ. ಆದರೂ ಈ ಚಿತ್ರಗಳ ಪರದೆಯ ಮೇಲೆ ಅವರ ಹೆಸರು ಬರಲಿಲ್ಲ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಪ್ರಸಿದ್ಧ ಸಿನಿಮಾದಲ್ಲೂ ಅವರಿಗೆ ಸಿಕ್ಕಿದ್ದು ಮನೆಕೆಲಸದವಳ ಪಾತ್ರವೇ.

1960ರ ದಶಕದಲ್ಲಿ ಟಿವಿಗಾಗಿ ಕೆಲವು ಚಿತ್ರಗಳನ್ನು ತಿದ್ದಿದರು. ಕಪ್ಪು ಹೆಂಗಸನ್ನು ಅಳಿಸಿ ಬಿಳಿಯ ಹೆಂಗಸನ್ನು ಬರೆದರು, ಜೂನ್ ಫೋರೆ ಎಂಬ ನಟಿಯ ದನಿ ಹಾಕಿದರು. ಮೊದಲೇ ಮುಖವಿರಲಿಲ್ಲ, ಈಗ ಲಿಲಿಯನ್ ಅವರ ದನಿಯೂ ಹೋಯಿತು! ಮುಂದೆ ಹಳೆಯ ಚಿತ್ರಗಳು ಡಿವಿಡಿಯಲ್ಲಿ ಬಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಬೇರೆಯದೇ ಮಾತು ಹೇಳಿದರು. ಇಂಥ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು. ಆದರೆ ಬಚ್ಚಿಟ್ಟರೆ ಆ ತಪ್ಪು ನಡೆದೇ ಇಲ್ಲ ಎಂದಂತಾಗುತ್ತದೆ ಎಂಬುದು ಅವರ ಮಾತಿನ ಸಾರ.

“ಹಾಗಾದ್ರೆ ನಾವು ನೋಡಬಾರದಾ ತಾತ?” ಎಂದಳು ಮೊಮ್ಮಗಳು. “ನೋಡೋಣ ಪುಟ್ಟಿ. ನಗು ಬಂದಾಗ ನಗೋಣ, ಹೀಗೇಕೆ ಅಂತ ಕೇಳ್ತಾನೂ ಇರೋಣ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: “ನಮ್ಮನೆಗೆ ಪಾತ್ರೆ ತೊಳೆಯೋಕೆ ಬರ್ತಾರಲ್ಲ ಅಕ್ಕ, ಅವರ ಹೆಸರೇನು?”

ಆರು ವರ್ಷದಿಂದ ಬರುತ್ತಿದ್ದಾರೆ. ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಅವರನ್ನೇ ಕೇಳಿ ತಿಳಿದುಕೊಂಡೆವು. ಮೊಮ್ಮಗಳು ಅವರ ಚಿತ್ರ ಬರೆದು ಕೊಟ್ಟಿದ್ದಾಳೆ. ದೊಡ್ಡ ಮುಖ, ಮೂಗುಬೊಟ್ಟು, ಕೆಳಗೆ ದಪ್ಪಕ್ಷರದಲ್ಲಿ ಹೆಸರು.

ಅಜ್ಜ-ಅಜ್ಜಿಯರೇ, ನಿಮ್ಮ ಮನೆಯಲ್ಲೂ ಮಕ್ಕಳು ಹೀಗೇ ಕೇಳಿದರೆ ಉತ್ತರ ಸಿದ್ಧವಿದೆಯೇ?