ಫಾರ್ಮು ತುಂಬುವ ಮೊದಲು



ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ವಾರ ರೋಣ, ನರಗುಂದ, ಗಜೇಂದ್ರಗಡದ ಹಾಸ್ಟೆಲುಗಳಲ್ಲಿ ಒಂದೇ ಪ್ರಶ್ನೆ: ‘ಮುಂದೇನ್ ತಗೋತಿ?’ ಹುಡುಗ ಬಾಯಿ ತೆರೆಯುವ ಮೊದಲೇ ಉತ್ತರವನ್ನು ಬೇರೆಯವರು ಹೇಳಿ ಮುಗಿಸಿರುತ್ತಾರೆ. ‘ಸೈನ್ಸ್ ನಿನ್ ಕೈಲೆ ಆಗಂಗಿಲ್ಲ, ಆರ್ಟ್ಸ್ ತಗೊ, ಪಾಸಾಗ್ತಿ.’ ಕೇಳಲಿಕ್ಕೆ ಕಾಳಜಿಯ ಮಾತು. ಆದರೆ ಯಾರ ಮಗನಿಗೆ ಇದನ್ನು ಹೇಳುತ್ತಾರೆ, ಯಾರ ಮಗನಿಗೆ ಹೇಳುವುದಿಲ್ಲ ಎಂಬುದನ್ನು ಗಮನಿಸಿರಿ.

ಇದು ಹೊಸದಲ್ಲ. ಬಾಬಾಸಾಹೇಬರು ಶಾಲೆಯಲ್ಲಿ ಸಂಸ್ಕೃತ ಕಲಿಯಬೇಕೆಂದಾಗ ಬಿಡಲಿಲ್ಲ, ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ವಿಷಯ ಆರಿಸುವ ಹಕ್ಕು ಹುಡುಗನ ಕೈಯಲ್ಲಿರಲಿಲ್ಲ, ಜಾತಿಯ ಕೈಯಲ್ಲಿತ್ತು. ಮುಂದೆ ಅವರು ಅಮೆರಿಕಾ, ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರ, ಕಾನೂನು ಓದಿದ್ದನ್ನು ಪ್ರತಿ ಏಪ್ರಿಲ್ 14ರ ಭಾಷಣದಲ್ಲಿ ಕೇಳುತ್ತೇವೆ. 1942ರ ಅಕ್ಟೋಬರಿನಲ್ಲಿ ಅವರು ವೈಸರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಪತ್ರದ ಬಗ್ಗೆ ಮಾತಾಡುವವರು ಕಡಿಮೆ. ಸ್ವತಃ ಬ್ಯಾರಿಸ್ಟರ್ ಆಗಿದ್ದ ಮನುಷ್ಯ ಅದರಲ್ಲಿ ವಾದಿಸಿದ್ದು ಇದು: ಬರೀ ಆರ್ಟ್ಸು, ಕಾನೂನಿನ ಓದಿನಿಂದ ನಮ್ಮ ಜನಕ್ಕೆ ಹೆಚ್ಚು ಪ್ರಯೋಜನವಿಲ್ಲ, ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣ ಬೇಕು. ಅದಕ್ಕಾಗಿ ವರ್ಷಕ್ಕೆ 2 ಲಕ್ಷ ರೂಪಾಯಿ ವಿದ್ಯಾರ್ಥಿವೇತನ ಕೇಳಿದರು. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರಿಗೆ ತರಬೇತಿ ಕೊಡಿ ಎಂದರು. ನೀವು ಇಂದು ಅರ್ಜಿ ಹಾಕುವ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪು ಶುರುವಾದದ್ದು 1944ರಲ್ಲಿ.

ಮುದ್ರಣಾಲಯ, ರೈಲ್ವೆ ವರ್ಕ್‌ಶಾಪು! ಗದಗಿನ ಪ್ರೆಸ್ಸುಗಳು ನಾಡಿಗೇ ಹೆಸರುವಾಸಿ. ವರ್ಕ್‌ಶಾಪು ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿಯ ಅಪ್ರೆಂಟಿಸ್ ಜಾಹೀರಾತು ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳುತ್ತದೆ. ಗಜೇಂದ್ರಗಡದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗೋಪುರ ಹತ್ತಿ ರಿಪೇರಿ ಮಾಡುವವರು ಯಾರು, ಕೆಳಗೆ ಕೋಲು ಹಿಡಿದು ಕಾಯುವವರು ಯಾರು? ಹೋಗಿ ಕೇಳಿ ಬರ್ರಿ.

‘ಐಟಿಐ ಅಂದ್ರ ಅಲ್ಲಿಗೇ ಮುಗೀತು’ ಅನ್ನುವವರಿದ್ದಾರೆ. ಸುಳ್ಳು. 2 ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ 2ನೇ ವರ್ಷಕ್ಕೆ ಸೇರುವ ದಾರಿ ಇದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಬಿ.ಇ. 2ನೇ ವರ್ಷಕ್ಕೆ ಹೋಗಬಹುದು. ಪಿಯುಸಿ ಸೈನ್ಸ್ ಓದಿದವಳು ನಾಳೆ ಬಿ.ಎ.ಗೆ ಬರಬಹುದು, ಲಾ ಓದಬಹುದು. ಪಿಯುಸಿ ಆರ್ಟ್ಸ್ ಮೇಲೆ ಮಾತ್ರ ಎಂಜಿನಿಯರಿಂಗ್, ಮೆಡಿಕಲ್ ಸೀಟು ಕೇಳಲಿಕ್ಕೆ ಬರುವುದಿಲ್ಲ. ಒಂದೇ ಕಡೆಯಿಂದ ತೆರೆಯುವ ಬಾಗಿಲು ಅದು. 15-16ರ ವಯಸ್ಸಿನಲ್ಲಿ ಅದನ್ನು ಹಾಕಿಕೊಳ್ಳುತ್ತಿದ್ದೇವೆ ಎಂದು ಹುಡುಗನಿಗೆ ಹೇಳುವವರೇ ಇಲ್ಲ.

ಆರ್ಟ್ಸ್ ಕೀಳು ಅಂತ ನಾವು ಹೇಳುತ್ತಿಲ್ಲ. ಇತಿಹಾಸ, ಅರ್ಥಶಾಸ್ತ್ರ ಇಷ್ಟಪಟ್ಟು ಓದುವವರು ಓದಲಿ, ಕೆಎಎಸ್ ಬರೆಯಲಿ. ಬಸ್ಸಿನ ಅನುಕೂಲ, ಗೆಳೆಯ ಸೇರಿದ, ಇಂಗ್ಲಿಷಿನ ಅಂಜಿಕೆ— ಇವುಗಳ ಮೇಲೆ 30 ವರ್ಷದ ದುಡಿಮೆ ನಿರ್ಧಾರವಾಗುವುದಕ್ಕೆ ನಮ್ಮ ತಕರಾರು. ಹೆಣ್ಣುಮಕ್ಕಳಿಗಂತೂ ಊರ ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದೇ ‘ಆಯ್ಕೆ’.

ಅಂಜಿಕೆ ಸುಳ್ಳಲ್ಲ. 10ರವರೆಗೆ ಕನ್ನಡದಲ್ಲಿ ಓದಿ ಸೈನ್ಸಿನ ಇಂಗ್ಲಿಷ್ ಪುಸ್ತಕ ಹಿಡಿದರೆ ಮೊದಲ ಕೆಲವು ತಿಂಗಳು ಕಣ್ಣಿಗೆ ಕತ್ತಲೆ. ಆ ತಿಂಗಳುಗಳಲ್ಲಿ ಹಾಸ್ಟೆಲಿಗೇ ಬಂದು ಪಾಠ ಹೇಳುವವರು ಬೇಕು. ಅನ್ನ ಸರಿಯಿಲ್ಲ ಎಂದು ತಾಟು ಬಡಿಯುತ್ತೀರಿ, ಬಡಿಯಲೇಬೇಕು. ಗಣಿತದ ಮಾಸ್ತರು ಬೇಕು ಅಂತಲೂ ಅದೇ ತಾಟು ಬಡೀರಿ.

ಈ ಸಲ ಫಾರ್ಮು ತುಂಬುವ ಮೊದಲು ಐಟಿಐ ಓದಿದವನೊಬ್ಬ, ಡಿಪ್ಲೊಮಾ ಮಾಡಿದವನೊಬ್ಬ, ಸೈನ್ಸ್ ಓದುತ್ತಿರುವವಳೊಬ್ಬಳು— ಇವರನ್ನು ಹಾಸ್ಟೆಲಿಗೆ ಕರೆದು ಒಂದು ಸಂಜೆ ಕೂಡ್ರಿಸಿಕೊಳ್ಳಿರಿ. ಖರ್ಚೆಷ್ಟು, ಎಷ್ಟು ವರ್ಷ, ಸೀಟು ಎಲ್ಲಿ, ಫೇಲಾದರೆ ಮುಂದೇನು, ಎಲ್ಲಾ ಕೇಳ್ರಿ. ಅಪ್ಪ-ಅವ್ವ ಬಂದರೆ ಅವರನ್ನೂ ಕೂಡ್ರಿಸ್ರಿ.