ಬಾವು ಇಳಿದರೆ ಮೊಣಕಾಲು ವಾಸಿಯಾಯಿತೇ?

ಮುಂಬಯಿಯ ದುಡಿಯುವ ಜನಕ್ಕೂ ಕಬಡ್ಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಪರೇಲು, ಲಾಲ್‌ಬಾಗಿನ ಚಾಳುಗಳ ನಡುವೆ ಗಿರಣಿ ಕಾಮಗಾರರು ಬೆಳೆಸಿದ ಆಟವಿದು. 1982ರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆಟ ಮುಚ್ಚಲಿಲ್ಲ. ವಾರದ ರಜೆ ಬಂತೆಂದರೆ ನಮ್ಮ ಹೋಟೆಲಿನ ಹುಡುಗರು ಇಂದಿಗೂ ಮೈದಾನಕ್ಕೆ ಓಡುತ್ತಾರೆ. ಓಡಲಿ. ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತು ದುಡಿಯುವವನಿಗೆ ಆಟವೇಕೆ ಎನ್ನುವವರ ಪಂಗಡಕ್ಕೆ ನಾವು ಸೇರಿದವರಲ್ಲ. ನಮ್ಮ ತಕರಾರಿರುವುದು ಬಿದ್ದ ಮೇಲೆ ನಡೆಯುವ ವ್ಯವಹಾರದ ಬಗ್ಗೆ.

ಎದುರು ಅಂಕಣಕ್ಕೆ ನುಗ್ಗಿದವನ ಪಾದವನ್ನು ಒಬ್ಬ ಹಿಡಿಯುತ್ತಾನೆ. ಮೈ ಒಂದು ಕಡೆ ತಿರುಗುತ್ತದೆ, ಪಾದ ನೆಲದಲ್ಲೇ ನಿಲ್ಲುತ್ತದೆ. ಮೊಣಕಾಲಿನೊಳಗೆ ಟಪ್ಪೆಂದು ಸದ್ದು. ಕೆಲವು ತಾಸುಗಳಲ್ಲಿ ಕಾಲು ಊದಿಕೊಳ್ಳುತ್ತದೆ. ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಬಿಗಿದಿಡುವ ಒಳಗಿನ ಕಟ್ಟು, ಡಾಕ್ಟರರು ಎ.ಸಿ.ಎಲ್. ಎನ್ನುವುದು, ಹರಿದಿದೆಯೆಂದು ಸಂಶಯಪಡಲು ಇಷ್ಟೇ ಸಾಕು. ಖೋಲಿಯಲ್ಲಿ ನಡೆಯುವುದೇನು? ಒಬ್ಬ ಎಣ್ಣೆ ತಿಕ್ಕುತ್ತಾನೆ, ಇನ್ನೊಬ್ಬ ಬಿಸಿನೀರಿನ ಶಾಖ ಕೊಡುತ್ತಾನೆ, ಮೂರನೆಯವ "ಊರಿಗೆ ಹೋಗಿ ಕಟ್ಟಿಸಿಕೊಂಡು ಬಾ ಮಾರಾಯ" ಎನ್ನುತ್ತಾನೆ. ಹದಿನೈದು ದಿನದಲ್ಲಿ ಬಾವು ಇಳಿಯುತ್ತದೆ, ಹುಡುಗ ಕೆಲಸಕ್ಕೆ ಹಾಜರು.

ಮೋಸವಿರುವುದು ಇಲ್ಲೇ. ಬಾವು ಇಳಿಯಿತೆಂದರೆ ಕಟ್ಟು ಕೂಡಿತೆಂದಲ್ಲ. ನೀರು ಚೆಲ್ಲಿದ ಅಡಿಗೆಮನೆಯಲ್ಲಿ, ಕೈಯಲ್ಲಿ ಎಂಟು ತಟ್ಟೆ ಹಿಡಿದು ಗಕ್ಕನೆ ತಿರುಗಿದಾಗ ಮೊಣಕಾಲು ಸೋಲುತ್ತದೆ. ಹೀಗೆ ಸೋತಾಗಲೆಲ್ಲ ಎರಡು ಎಲುಬುಗಳ ಮಧ್ಯದ ಮೆತ್ತೆ ಹರಿಯುವ ಅಪಾಯವಿದೆ. ಮೆತ್ತೆ ಹೋದರೆ ಎಲುಬಿನ ತುದಿ ಸವೆದು ನಡುವಯಸ್ಸಿನಲ್ಲೇ ಸಂಧಿವಾತ ಹಿಡಿಯಬಹುದು. ಕಾಲೇ ಬಂಡವಾಳವಾದ ಮಾಣಿಗೆ ಆಮೇಲೆ ಯಾವ ಕೆಲಸ? ಗಲ್ಲೆಯ ಮೇಲೆ ಕೂರಿಸುವವರು ಯಾರು?

ಮೊದಲ ಎರಡು ಮೂರು ದಿನ ಎಣ್ಣೆಯ ತಿಕ್ಕಾಟ, ಶಾಖ, ಮದ್ಯ ಮೂರೂ ಬೇಡ, ಬಾವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಬರ್ಫವನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಬೇಕು, ಹದವಾಗಿ ಪಟ್ಟಿ ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಕು. ಬರ್ಫಕ್ಕೆ ನಮ್ಮಲ್ಲಿ ಬರಗಾಲವಿಲ್ಲ, ಜ್ಯೂಸಿನ ಕೌಂಟರಿನಲ್ಲಿ ಬೇಕಾದಷ್ಟಿದೆ! ಕಾಲೂರಲು ಆಗದಿದ್ದರೆ, ಮೊಣಕಾಲು ಸಿಕ್ಕಿಕೊಂಡು ನೇರವಾಗದಿದ್ದರೆ, ಪಾದ ತಣ್ಣಗಾಗಿ ಜೋಮು ಹಿಡಿದರೆ ಆ ದಿನವೇ ಆಸ್ಪತ್ರೆಗೆ. ಉಳಿದವರೂ ಆ ವಾರದೊಳಗೆ ಎಲುಬಿನ ಡಾಕ್ಟರರನ್ನು ಕಾಣಬೇಕು. ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲವೆಂದು ತಿಳಿದೀತು, ಕಟ್ಟು ಹರಿದದ್ದು ಕಾಣದು. ಅದಕ್ಕೆ ನುರಿತ ಕೈಯ ಪರೀಕ್ಷೆ, ಬೇಕಾದರೆ ಎಂ.ಆರ್.ಐ. ಎಲ್ಲರಿಗೂ ಆಪರೇಷನ್ ಬೇಕೆಂದಿಲ್ಲ. ಕ್ರಮವಾದ ವ್ಯಾಯಾಮದಿಂದಲೇ ಕೆಲವರು ಕೆಲಸಕ್ಕೆ ಮರಳುತ್ತಾರೆ. ಆಪರೇಷನ್ ಆದವನು ಮಾತ್ರ ಸುಮಾರು ಒಂಬತ್ತು ತಿಂಗಳು ಅಂಕಣದ ಆಸೆ ಬಿಡಬೇಕು.

ಇದೆಲ್ಲ ನಮ್ಮ ಹುಡುಗರಿಗೆ ಗೊತ್ತಿಲ್ಲವೆಂದು ನಾವು ನಂಬುವುದಿಲ್ಲ. ಗೊತ್ತಿದ್ದೂ ಮುಚ್ಚಿಡುತ್ತಾರೆ. "ಆಟವಾಡಿ ಕಾಲು ಮುರಿದುಕೊಂಡವನಿಗೆ ನಾನೇಕೆ ಸಂಬಳ ಕೊಡಲಿ?" ಎಂದು ಧಣಿಗಳು ಕೇಳಿಯಾರೆಂಬ ಹೆದರಿಕೆ. ಈ ಪ್ರಶ್ನೆಗೆ ಉತ್ತರವಿದೆ. ಇ.ಎಸ್.ಐ. ಚಂದಾ ಕಟ್ಟುವ ಕೆಲಸಗಾರನಿಗೆ ಔಷಧೋಪಚಾರದ ಹಕ್ಕು ಗಾಯ ಎಲ್ಲಿ ಆಯಿತೆಂಬುದರ ಮೇಲೆ ನಿಂತಿಲ್ಲ. ಮೈದಾನದ ಪೆಟ್ಟು ಕೆಲಸದ ಅಪಘಾತವೆನಿಸದು, ನಿಜ. ಆದರೆ ಕಾಯಿಲೆ ಭತ್ಯೆ ಇದೆ. ಆರು ತಿಂಗಳ ಅವಧಿಯಲ್ಲಿ 78 ದಿನಗಳ ಚಂದಾ ತುಂಬಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು. ಆ ಭತ್ಯೆ ಪಡೆಯುತ್ತಿರುವವನನ್ನು ತೆಗೆದುಹಾಕಕೂಡದೆಂದು 1948ರ ಕಾಯಿದೆಯ 73ನೆಯ ಕಲಮಿನಲ್ಲೇ ಬರೆದಿತ್ತು. 2019ರಲ್ಲಿ ಚಂದಾ ದರವನ್ನು ಇಳಿಸಿದಾಗ ನಮ್ಮ ಪಾಲು ನೂರಕ್ಕೆ ಮುಕ್ಕಾಲು, ಧಣಿಗಳ ಪಾಲು ಮೂರೂಕಾಲು ಎಂದಾಯಿತು. ಹಾಗಿರುವಾಗ ಹತ್ತಕ್ಕೂ ಮಿಕ್ಕಿ ಆಳುಗಳಿರುವ ಹೋಟೆಲಿನಲ್ಲೂ ಅರ್ಧ ಜನರ ಹೆಸರನ್ನು ರಜಿಸ್ಟರಿಗೆ ಹತ್ತಿಸದೆ ಬಿಡುವುದಕ್ಕೆ ಏನೆನ್ನಬೇಕು? ಹೆಸರಿಲ್ಲದವನಿಗೆ ಭತ್ಯೆಯೂ ಇಲ್ಲ, ಚೀಟಿಯೂ ಇಲ್ಲ. ನಿಮ್ಮ ವಿಮಾ ನಂಬರು ನಿಮ್ಮ ಕೈಯಲ್ಲಿದೆಯೇ? ಇಲ್ಲದಿದ್ದರೆ ಕಾಲು ಗಟ್ಟಿಯಿರುವಾಗಲೇ ಕೇಳಿ ಪಡೆಯಿರಿ. ಒಬ್ಬನೇ ಕೇಳಲು ಅಂಜಿಕೆಯಾದರೆ ಸಂಘಕ್ಕೆ ಬನ್ನಿ, ನಾವೂ ಜೊತೆಗೆ ಬರುತ್ತೇವೆ.

ನಮ್ಮ ತಂಡದ ಮುಖಂಡರಿಗೂ ಒಂದು ಮಾತು. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಆಟಗಾರ ಬಿದ್ದ ಕೂಡಲೇ ವೈದ್ಯರ ತಂಡ ಓಡಿಬರುವುದನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟುವವರೇ, ನಮ್ಮ ಹುಡುಗ ಬಿದ್ದಾಗ "ಪಟ್ಟಿ ಕಟ್ಟಿಕೊಂಡು ಆಡೋ, ಇನ್ನು ಐದೇ ನಿಮಿಷ" ಎಂದು ಕೂಗುತ್ತಾರಲ್ಲ! ಆಳೆತ್ತರದ ಟ್ರೋಫಿಗೂ ಹಾರ ತುರಾಯಿಗೂ ಖರ್ಚಾಗುವ ಹಣದಲ್ಲಿ ಬರ್ಫದ ಪೆಟ್ಟಿಗೆ, ಅಗಲದ ಪಟ್ಟಿಗಳು, ಆಸ್ಪತ್ರೆಯವರೆಗಿನ ಟ್ಯಾಕ್ಸಿ ಬಾಡಿಗೆ ಎಲ್ಲವೂ ದಕ್ಕುತ್ತವೆ. ಮುಂದಿನ ಪಂದ್ಯಾಟದ ಜಮಾಖರ್ಚಿನಲ್ಲಿ ಈ ಬಾಬ್ತು ಟ್ರೋಫಿಗಿಂತ ಮೇಲೆ ಬರೆದಿರಬೇಕೆಂದು ಸಂಘದ ಸಭೆಯಲ್ಲಿ ನಾವು ಕೇಳಲಿದ್ದೇವೆ.