ನರಿ ಹಳಿದ ದ್ರಾಕ್ಷಿ

ಗಾಂಧಿಬಜಾರಿನ ತಳ್ಳುಗಾಡಿಗಳಿಗೆ ಕಪ್ಪು ದ್ರಾಕ್ಷಿ ಬಂದಿತೆಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಮಕ್ಕಳಿಗೆ ಬೀಜವಿಲ್ಲದ ಹಸಿರು ದ್ರಾಕ್ಷಿಯೇ ಆಗಬೇಕು. ಸಿಪ್ಪೆ ಹುಳಿ, ತಿರುಳು ಸಿಹಿ, ಮನೆಯೆಲ್ಲ ಘಮಘಮ ಎನ್ನುವ 'ಬ್ಯಾಂಗಲೋರ್ ಬ್ಲೂ' ಪಕ್ಷದವನು ನಾನೊಬ್ಬನೇ.

ಮೊನ್ನೆ ತರಗತಿಯಲ್ಲಿ ಹುದುಗುವಿಕೆಯ ಪಾಠ. ಯೀಸ್ಟ್ ಸಕ್ಕರೆಯನ್ನು ಒಡೆದು ಮದ್ಯಸಾರ ಮಾಡುತ್ತದೆ, ದ್ರಾಕ್ಷಿ ರಸ ವೈನ್ ಆಗುವುದು ಹೀಗೆ ಎಂದೆ. ಮಾತಿಗೆ ಮಾತು ಬಂದು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಲಫೀತ್ ತೋಟದ ಹೆಸರೆತ್ತಿದೆ. 1855ರಲ್ಲೇ ಮೊದಲ ದರ್ಜೆ ಪಡೆದ ತೋಟ. ಅದರ ಒಂದು ಬಾಟಲಿಗೆ ಹತ್ತಾರು ಸಾವಿರ ರೂಪಾಯಿ. ದೇವನಹಳ್ಳಿ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ಅದೂ ದ್ರಾಕ್ಷೀನೇ, ನಮ್ಮಪ್ಪ ಬೆಳೆಯೋದೂ ದ್ರಾಕ್ಷೀನೇ. ನಮ್ಮದಕ್ಕೆ ಯಾಕೆ ಬೆಲೆ ಇಲ್ಲ?"

ಸುಲಭದ ಉತ್ತರವೊಂದಿದೆ. ನಮ್ಮ ಬ್ಲೂ ದ್ರಾಕ್ಷಿಯಲ್ಲಿ ಅಮೆರಿಕದ 'ಲಬ್ರುಸ್ಕಾ' ಜಾತಿಯ ರಕ್ತವಿದೆ. ಮಿಥೈಲ್ ಆಂಥ್ರನಿಲೇಟ್ ಎಂಬ ವಸ್ತು ಆ ಜಾತಿಗೆ ಕೊಡುವ ಗಂಧವನ್ನು ವೈನ್ ಪಂಡಿತರು 'ನರಿ ವಾಸನೆ' ಎಂದು ಹಳಿಯುತ್ತಾರೆ. ಎಟುಕದ ದ್ರಾಕ್ಷಿ ಹುಳಿ ಎಂದಿತ್ತು ಕಥೆಯ ನರಿ. ಇಲ್ಲಿ ಎಟುಕಿದ್ದಕ್ಕೇ ನರಿಯ ಹೆಸರು! 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ವೈನ್ ಉದ್ಯಮಕ್ಕೆ ಕೈಹಾಕಿದಾಗ ನೆಟ್ಟದ್ದೂ ಫ್ರೆಂಚ್ ತಳಿಗಳನ್ನೇ. ಮುಂದೆ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೊಲಾಂ ಅದಕ್ಕೆ ಸಲಹೆಗಾರರಾದರು. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ವರ್ಷಕ್ಕೆರಡು ಸಲ ಬಳ್ಳಿ ಸವರಿ ಹದಕ್ಕೆ ತರಬೇಕು.

ಆದರೆ ಹುಡುಗನಿಗೆ ನಾನು ಹೇಳಿದ್ದು ಇನ್ನೊಂದು ಕಥೆ. 1860ರ ದಶಕದಲ್ಲಿ ಫ್ರಾನ್ಸಿನ ಬಳ್ಳಿಗಳು ಕಾರಣವೇ ತಿಳಿಯದೆ ಒಣಗತೊಡಗಿದವು. ಬೇರು ಹೀರುವ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟವನ್ನು 1868ರಲ್ಲಿ ಪ್ಲಾಂಶೋಂ ಎಂಬ ಸಸ್ಯವಿಜ್ಞಾನಿ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಕೀಟ ಬಂದದ್ದು ಅಮೆರಿಕದಿಂದ, ಮದ್ದೂ ಅಲ್ಲಿಂದಲೇ. ಅದರೊಡನೆ ಯುಗಯುಗಗಳಿಂದ ಬಾಳಿದ್ದ ಅಮೆರಿಕದ ಕಾಡುಬಳ್ಳಿಗಳ ಬೇರು ತಡೆದುಕೊಳ್ಳುತ್ತಿತ್ತು. ಆ ಬೇರಿಗೆ ಫ್ರೆಂಚ್ ಕುಡಿಯನ್ನು ಕಸಿ ಕಟ್ಟಿದರು, ತೋಟಗಳು ಉಳಿದವು. ಇಂದಿಗೂ ಬೋರ್ಡೋದ ದೊಡ್ಡ ದೊಡ್ಡ ತೋಟಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ. ನಮ್ಮ ಬ್ಲೂ ದ್ರಾಕ್ಷಿಯ ದಾಯಾದಿಗಳೇ ಅವು.

ಹುಡುಗ ನಕ್ಕ. "ಹಾಗಾದ್ರೆ ಸಾರ್, ಅಪ್ಪನಿಗೆ ರೇಟು?" ಎಂದ.

2013ರಲ್ಲಿ ನಮ್ಮ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರಾಯಿತು, ಬೆಲೆಯಾಗಲಿಲ್ಲ. ಲಫೀತ್‌ನ ಹೆಸರಿನ ಹಿಂದೆ ನೂರಾರು ವರ್ಷಗಳ ದುಡಿಮೆಯಿದೆ, ಕೊಳ್ಳುವವರ ನಂಬಿಕೆಯಿದೆ. ನಾವು ತಳ್ಳುಗಾಡಿಯ ಮುಂದೆ ನಿಂತು ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಹುಡುಗನ ಪ್ರಶ್ನೆಗೆ ನನ್ನ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಚೌಕಾಸಿ ಮಾಡದೆ ಎರಡು ಕಿಲೋ ಕೊಂಡೆ.